ಎಡೆಯ ಮುಂದಿಟ್ಟ ಪದಕ

ಈ ಪದಕ ನಿಜವಾಗಿಯೂ ಅಪ್ಪನದೇ, ಅಥವಾ ಅದೇ ಹೆಸರಿನ ಬೇರೊಬ್ಬ ಸೈನಿಕನದೋ? ಅಪ್ಪ ತೀರಿಕೊಂಡ ಮೇಲೆ, ಅವನು ಹಿಮದ ಗಡಿಯಲ್ಲಿದ್ದನೆಂದ ಸೇನೆಯ ಜೊತೆಗಾರನೊಬ್ಬನ ಮಾತು ನಂಬಿ ನಾನೇ ಅರ್ಜಿ ಹಾಕಿದ್ದೆ. ಸೇನೆಯವರು ದಾಖಲೆ ಸರಿಪಡಿಸಿ, ಹಿಮದ ಗಡಿ ಕಾಯ್ದವರಿಗೆ ಕೊಡುವ ಪದಕವನ್ನು ಕಳಿಸಿದ್ದರು. ಆದರೆ ಅಪ್ಪ ನಮಗೆ ಹೇಳುತ್ತಿದ್ದದ್ದು ಪಠಾಣಕೋಟದ ಸೇನಾ ಅಡುಗೆಮನೆಯ ಕಥೆಗಳನ್ನಷ್ಟೇ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ನವಲಗುಂದದ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ಅಪ್ಪನ ಸಮವಸ್ತ್ರವನ್ನು ಮಡಿಚಿ ಮಣೆಯ ಮೇಲಿಟ್ಟೆವು.

"ಮಂದಿ ಮಾನ ನಮ್ಮ ಎಡಿ ಮುಂದ ಬ್ಯಾಡಪಾ ಸುದೀಪ," ಅಂದಳು ಅವ್ವ. "ಇದು ನಿಮ್ಮಪ್ಪಂದ ಅಂತ ಖಾತ್ರಿ ಐತೇನು?"

"ಸರ್ಕಾರದವ್ರ ಕಳಿಸ್ಯಾರಬೇ."

"ರೇಷನ್ ಕಾರ್ಡಿನ್ಯಾಗ ನನ್ನ ಹೆಸರಿನ ಮುಂದ ಗಂಡಸು ಅಂತ ಬರದಾರಲ್ಲ, ಅವ್ರ ಹೌದಿಲ್ಲೋ?"

ಆದರೂ ನಾನು ಪದಕವನ್ನು ಸಮವಸ್ತ್ರದ ಅಂಗಿಗೆ ಚುಚ್ಚಿದೆ. ಬಟ್ಟೆ ತಣ್ಣಗೆ ಕೊರೆಯತೊಡಗಿತು. ಹೊರಗೆ ಬಿಸಿಲು ಸುಡುತ್ತಿತ್ತು. ಹೋಳಿಗೆಯ ಮೇಲೆ ಆಗಷ್ಟೇ ಸುರಿದ ಬಿಸಿ ತುಪ್ಪ ನಮ್ಮ ಕಣ್ಣೆದುರೇ ಬೆಳ್ಳಗೆ ಹೆಪ್ಪುಗಟ್ಟಿತು.

ಅವ್ವ ಒಳಗಿನಿಂದ ಕಂಬಳಿ ತಂದು ಸಮವಸ್ತ್ರಕ್ಕೆ ಹೊದಿಸಿದಳು.

"ಬ್ಯಾಸಗ್ಯಾಗೂ ಕಾಲಚೀಲ ಬಿಚ್ಚತಿದ್ದಿಲ್ಲ ನಿಮ್ಮಪ್ಪ," ಎಂದಳು ಮೆಲ್ಲಗೆ.

ಹಿಮ ಕಂಡಿದ್ದೇನೆಂದು ಅಪ್ಪ ಒಂದು ದಿನವೂ ಹೇಳಿರಲಿಲ್ಲ.