ಹೆಣೆದವಳಿಗೆ ಮೊದಲ ಏಟು

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಕುದುರೆಗಳಿಗಿನ್ನೂ ರೆಕ್ಕೆಯಿದ್ದ ಕಾಲದಲ್ಲಿ, ಕೆಂಬಾರಿ ಎಂಬ ರಾಜ್ಯವಿತ್ತು. ಅದನ್ನು ಕಂಟಕಸಿದ್ಧನೆಂಬ ಮಾಂತ್ರಿಕ ಒಂದು ಚಾವಟಿಯಿಂದ ಆಳುತ್ತಿದ್ದ. ಅದರ ಏಟು ಬಿದ್ದವರು ಎತ್ತಾಗುತ್ತಿದ್ದರು. ರಾಜನೂ ಎತ್ತು, ಮಂತ್ರಿಯೂ ಎತ್ತು. ಇಬ್ಬರನ್ನೂ ಒಂದೇ ನೊಗಕ್ಕೆ ಹೂಡಿದ್ದರು. ಪಾಪ, ಆಗಲೂ ಒಬ್ಬೊಬ್ಬರು ಒಂದೊಂದು ಕಡೆಗೇ ಎಳೆಯುತ್ತಿದ್ದರು.

ತೊಗಲು ಕೆಲಸದ ದ್ಯಾಮವ್ವನ ತಮ್ಮ ಭರಮನೂ ಎತ್ತಾಗಿ ಮಾಂತ್ರಿಕನ ಗಾಣಕ್ಕೆ ಬಿದ್ದ. ಅವಳು ಉಳಿ, ಬಾರುಗಳ ಚೀಲ ಹೆಗಲಿಗೇರಿಸಿ ಕೋಟೆಗೆ ಹೋದಳು.

"ನನ್ನ ತಮ್ಮನನ್ನು ಬಿಟ್ಟುಕೊಡಿ, ಬುದ್ಧಿ."

"ಮೂರು ಕೆಲಸ ಮಾಡಿಕೊಡು, ಬಿಡುತ್ತೇನೆ," ಎಂದ ಕಂಟಕಸಿದ್ಧ. "ಮೊದಲು ನನ್ನ ಹುಲಿಗೊಂದು ನಡುಪಟ್ಟಿ. ಕಟ್ಟಲು ಹೋದವರು ಯಾರೂ ಹಿಂದಿರುಗಿಲ್ಲ."

ದ್ಯಾಮವ್ವ ಹದವಾದ ತೊಗಲು ಸೀಳಿ ಪಟ್ಟಿ ಹೊಲಿದಳು. ಮಾಡಿದ್ದನ್ನು ತನ್ನ ಮೈಮೇಲೆ ನೋಡಿಕೊಳ್ಳದೆ ಯಾರ ಕೈಗೂ ಕೊಡಬಾರದು, ಅದು ಅವಳ ಮನೆತನದ ಕಟ್ಟಳೆ. ತನ್ನ ಸೊಂಟಕ್ಕೇ ಬಿಗಿದುಕೊಂಡಳು. ಒಂದು ಹೊಲಿಗೆ ಚುಚ್ಚಿತು. ಬಿಚ್ಚಿ ಮತ್ತೆ ಹೊಲಿದಳು. ಹುಲಿ ಅದನ್ನು ಕಟ್ಟಿಸಿಕೊಂಡು ಅವಳ ಪಾದ ನೆಕ್ಕಿತು.

ಎರಡನೆಯದು ರೆಕ್ಕೆಯ ಕುದುರೆಗೆ ಕಡಿವಾಣ. ಅದರ ಬಾರನ್ನು ಅವಳು ತನ್ನ ಬಾಯಲ್ಲೇ ಕಚ್ಚಿ ಎಳೆದು ನೋಡಿದಳು.

"ಹುಲ್ಲು ತರಲೇನಕ್ಕಾ?" ಎಂದು ಕಾವಲಿನವರು ಬಿದ್ದು ಬಿದ್ದು ನಕ್ಕರು.

ತುಟಿಯಂಚು ಸೀಳಿತು. ಬಾರಿಗೆ ಎಣ್ಣೆ ಕುಡಿಸಿ ಮೆದು ಮಾಡಿದಳು. ಕುದುರೆ ತಾನಾಗಿ ತಲೆ ಬಗ್ಗಿಸಿತು.

ಮೂರನೆಯದು ಆ ಚಾವಟಿಯೇ. ಅದರ ಎಳೆಗಳು ಸವೆದು ಬಿಚ್ಚಿಕೊಂಡಿದ್ದವು. ಹೊಸ ಬಾರು ಹಾಕಿ ಹೆಣೆಯಬೇಕು. ಹೆಣೆಯದಿದ್ದರೆ ತಮ್ಮ ಎತ್ತಾಗಿಯೇ ಉಳಿಯುತ್ತಾನೆ; ಹೆಣೆದುಕೊಟ್ಟರೆ ಇನ್ನೆಷ್ಟು ಮನೆಯ ತಮ್ಮಂದಿರು ಎತ್ತಾಗುತ್ತಾರೋ. ಗಾಣ ಸುತ್ತುತ್ತಿದ್ದ ಭರಮ ಸುತ್ತಿಗೊಮ್ಮೆ ಅವಳತ್ತ ನೋಡುತ್ತಿದ್ದ. ಅವಳು ತಲೆಯೆತ್ತದೆ ಹೆಣೆದು ಮುಗಿಸಿದಳು. ಮಾಂತ್ರಿಕ ಕೈಚಾಚಿದ.

"ತಾಳಿ ಬುದ್ಧಿ. ಮೊದಲ ಏಟು ಹೆಣೆದವರದು. ನಮ್ಮಪ್ಪ ತಿಂದಿದ್ದ, ನಮ್ಮಜ್ಜ ತಿಂದಿದ್ದ."

"ಈ ಏಟು ತಿಂದರೆ ಹಸುವಾಗುತ್ತೀಯೆ."

"ಗೊತ್ತು."

"ಆಗಲಿ. ನಿನ್ನ ತಮ್ಮನ ಪಕ್ಕದಲ್ಲೇ ಕಟ್ಟಿಸುತ್ತೇನೆ, ಬಿಡು."

ತಾನು ತಿಂದು ನೋಡದ ಏಟನ್ನು ಇನ್ನೊಬ್ಬರ ಬೆನ್ನಿಗೆ ಕಳಿಸಲು ದ್ಯಾಮವ್ವನಿಗಾಗಲಿಲ್ಲ. ಚಾವಟಿ ಎತ್ತಿ ಹೆಗಲ ಮೇಲಿಂದ ತನ್ನ ಬೆನ್ನಿಗೇ ಬೀಸಿಕೊಂಡಳು.

ಬಾಸುಂಡೆ ಎದ್ದಿತು. ಕೊಂಬು ಮೂಡಲಿಲ್ಲ. ಹೆಣೆದವಳ ನೋವನ್ನೇ ಮೊದಲು ಕಂಡ ಚಾವಟಿಯ ಮಾಯೆ ತಿರುವುಮುರುವಾಗಿತ್ತು.

ಕಂಟಕಸಿದ್ಧ ಅದನ್ನು ಕಿತ್ತುಕೊಂಡು, ಅವಳ ಮೇಲಿನ ಕೋಪಕ್ಕೆ ಭರಮನಿಗೆ ಬಾರಿಸಿದ. ಗಾಣದ ನೊಗದಡಿಯಲ್ಲಿ ಭರಮ ಮನುಷ್ಯನಾಗಿ ನಿಂತ. ಮಾಂತ್ರಿಕ ಸಿಟ್ಟಿನಿಂದ ಇನ್ನೊಂದು ಎತ್ತಿಗೆ ಹೊಡೆದ, ಮಂತ್ರಿ ಎದ್ದ. ಮತ್ತೊಂದಕ್ಕೆ ಹೊಡೆದ, ರಾಜ ಎದ್ದ. ಅವನ ಸಿಟ್ಟೇರಿದಷ್ಟೂ ಕೊಟ್ಟಿಗೆಯಲ್ಲಿ ಜನ ಹೆಚ್ಚಿದರು. ಕೊನೆಗೆ ಏದುಸಿರು ಬಿಡುತ್ತಾ ಕುಸಿದು ಕೂತ. ಸುತ್ತ ನಿಂತವರಲ್ಲಿ ಒಬ್ಬರೂ ಅವನ ಮೇಲೆ ಕೈ ಎತ್ತಲಿಲ್ಲ. ಮಂತ್ರವೂ ಇಲ್ಲದೆ, ಚಾವಟಿಯೂ ಇಲ್ಲದೆ ಅವನು ಗಡಿ ದಾಟಿ ನಡೆದುಹೋದ.

"ನೋಯ್ತಿದೆಯೇನಕ್ಕಾ?" ಎಂದ ಭರಮ.

"ನೋಯದೆ ಇರುತ್ತದೆಯೇ? ನಡಿ ಮನೆಗೆ."

ಆಮೇಲೆ ಕೆಂಬಾರಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ರಾಜನಿಂದ ಹಿಡಿದು ಬಹುಮಂದಿ ಒಮ್ಮೆ ನೊಗ ಹೊತ್ತವರೇ ಆದ್ದರಿಂದ, ಅಲ್ಲಿ ಎತ್ತುಗಳೂ ಸುಖವಾಗಿದ್ದವು.