ಆಪಾ ಒರಗುತ್ತಿದ್ದ ಗಿಡ

ಇದು ಎಂಬತ್ತೊಂಬತ್ತರಲ್ಲಿ, ಬ್ಯಾಡಗಿಯ ನಮ್ಮ ಮನೆಯಲ್ಲೇ ನಡೆದದ್ದು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ನನ್ನ ಅಕ್ಕ ಜಾಹೀದಾ ಆಪಾಗೆ ಕೆಮ್ಮು ಹತ್ತಿತ್ತು. "ದಿನಾ ಮುಂಜಾನೆ ನೀಲಗಿರಿ ತೋಪಿನೊಳಗ ಸುಮ್ಮನ ಕುಂದ್ರು" ಎಂದರು ಡಾಕ್ಟರು. ಅವಳ ಪಾಲಿನ ಮೆಣಸಿನಕಾಯಿ ನನ್ನ ಮುಂದೆ ಬಿತ್ತು. ಅವಳು ಮುಖ ತಿಳಿಯಾಗಿ ಮರಳಿದಾಗಲೆಲ್ಲ ನನ್ನ ಕೈಗಿಂತ ಹೊಟ್ಟೆಯೇ ಹೆಚ್ಚು ಉರಿಯುತ್ತಿತ್ತು.

"ಅಲ್ಲೇನ ಮಾಡ್ತೀ ಆಪಾ?"

"ಗಿಡಕ್ಕ ಒರಗಿ ಕುಂದರ್ತೇನಿ. ಆಚೀ ಕಡೆ ಒಬ್ಬಾಕಿ ಒರಗಿರ್ತಾಳ. ಅಕಿ ಉಸಿರಾಡೂದು ನನ್ನ ಬೆನ್ನಿಗೆ ತಿಳೀತೈತಿ."

"ಯಾರ ಅಕಿ?"

"ನನ್ನ ಗೆಳತಿ. ನಿನಗ್ಯಾಕ?"

ಅಲ್ಲಿಯವರೆಗೆ ಆಪಾಗೆ ಗೆಳತಿಯೆಂದರೆ ನಾನೊಬ್ಬಳೇ. ಮರುದಿನ ಅವಳು ಏಳುವ ಮೊದಲೇ ತೋಪಿಗೆ ಹೋಗಿ, ಅವಳು ಕೂತು ಕೂತು ಬುಡದ ತರಗೆಲೆ ಒತ್ತಿಹೋಗಿದ್ದ ಗಿಡ ಹುಡುಕಿ ಬೆನ್ನು ಕೊಟ್ಟು ಕೂತೆ. ಮೇಲೆ ಎಲೆ ಅಲುಗುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ತಣ್ಣಗಿದ್ದ ತೊಗಟೆ ನಿಧಾನಕ್ಕೆ ಬೆಚ್ಚಗಾಯಿತು.

"ಜಾಹೀದಾ ಬರಲಿಲ್ಲೇನ?" ಎಂದು ಆಚೆಯಿಂದ ಹೆಣ್ಣುದನಿ ಕೇಳಿತು.

"ಇನ್ನ ಬರೂದಿಲ್ಲ" ಎಂದುಬಿಟ್ಟೆ.

ಬೆನ್ನ ಹಿಂದಿನ ಬಿಸಿ ಆರಿತು. ಸುತ್ತಿ ಹೋಗಿ ನೋಡಿದರೆ ಯಾರೂ ಇಲ್ಲ.

ಮನೆಗೆ ಬಂದಾಗ ಆಪಾ ಪಡಸಾಲೆಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಗುತ್ತಿದ್ದಳು.

"ಬರೂದಿಲ್ಲಂತ ಯಾಕ ಹೇಳಿದಿ? ಪಾಪ, ಅಕೀನ ಇಲ್ಲೀತನಕ ನಡಕೋತ ಬಂದಾಳ."

ಅಂದಿನಿಂದ ಆಪಾ ತೋಪಿಗೆ ಹೋಗುವುದಿಲ್ಲ, ಆ ಗೋಡೆಯನ್ನೂ ಬಿಡುವುದಿಲ್ಲ. ನನ್ನೊಡನೆ ಮಾತು ಕಡಿಮೆ. ಗೋಡೆಯ ಆಚೆ ಗಟಾರ, ಯಾರೂ ಕೂರುವಂತಿಲ್ಲ. ಆದರೂ ಆ ಹೊರಮೈಯ ಸುಣ್ಣ ಒಂದು ಬೆನ್ನಿನಗಲ ಸವೆದಿದೆ. ಅಮ್ಮಿ ಪ್ರತಿ ರಂಜಾನಿಗೂ ಬಳಿಸುತ್ತಾಳೆ, ಮತ್ತೆ ಸವೆಯುತ್ತದೆ.