ಗುರ್ ಎನ್ನದ ಕಂಬಳಿ

"ಆ ಮರಿ ನಿಮಗೆ ಕೊಡಕ್ಕಾಗಲ್ಲ."

ಬಿಳಿ ಮರಿಯನ್ನು ಎದೆಗವಚಿಕೊಂಡಿದ್ದ ಟೀಚರ್ ತಿರುಗಿ ನೋಡಿದಳು. ನಾಯಿ ಆಶ್ರಯದ ತರಬೇತುದಾರ ಬಾಗಿಲಲ್ಲಿ ನಿಂತಿದ್ದ. ಎತ್ತರದ ಆಳು, ದನಿ ಮಾತ್ರ ಮೆತ್ತಗೆ.

"ಯಾಕೆ? ನಮ್ಮದು ಮನೆಯಲ್ವಾ?"

"ಮನೆಯೇ. ಆದ್ರೆ ನೀವು ದಿನವಿಡೀ ಶಾಲೆಯಲ್ಲಿ. ಮಗನಿಗೆ ಮೂರು ವರ್ಷ. ಈ ಮರಿಗೆ ಹಲ್ಲು ಬರೋ ಕಾಲ, ಕೈ ಸಿಕ್ಕರೆ ಕೈ, ಕಾಲು ಸಿಕ್ಕರೆ ಕಾಲು. ಮಗಳು, ಮಗ, ಮೇಲೆ ಈ ಮರಿ... ಮೂರು ಮಕ್ಕಳನ್ನ ಒಬ್ಬರೇ ಸಾಕ್ತೀರಾ?"

ಒಬ್ಬರೇ... ಆ ಪದ ಅವಳಿಗೆ ಚುರ್ ಎಂದಿತು. ಗಂಡ ತೀರಿಕೊಂಡು ಎರಡನೇ ವರ್ಷ. ಮಕ್ಕಳು ನಗಲಿ ಎಂದೇ ನಾಯಿ ಹುಡುಕಿಕೊಂಡು ಬಂದಿದ್ದಳು.

ಅವನು ಒಳಗಿನಿಂದ ಕಂದು ಬಣ್ಣದ ದೊಡ್ಡ ಹೆಣ್ಣುನಾಯಿಯನ್ನು ಕರೆತಂದ. ಒಂದು ಕಿವಿ ಮಡಚಿಕೊಂಡಿತ್ತು. ಅದು ಬಂದು, ಅಮ್ಮನ ಪಕ್ಕದಲ್ಲಿ ಕೂತಿದ್ದ ಮಗಳು ಪುಟ್ಟಿಯ ಕಾಲ ಮೇಲೆ ಮಲಗಿಬಿಟ್ಟಿತು.

"ಅಮ್ಮಾ, ಕಂಬಳಿ ಥರ ಇದೆ," ಎಂದಳು ಪುಟ್ಟಿ.

ಹೆಸರೂ ಆಯಿತು, ಆಯ್ಕೆಯೂ ಆಯಿತು.

ಭಾನುವಾರಗಳಂದು ಅವನು ಮನೆಗೆ ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದ. ತಿನ್ನುವಾಗ ಮುಟ್ಟಬಾರದು. ಮಲಗಿದ್ದಾಗ ಮೈಮೇಲೆ ಬೀಳಬಾರದು.

"ಗುರ್ ಅಂದ್ರೆ?" ಪುಟ್ಟಿ ಕೇಳಿದಳು.

"ದೂರ ಸರಿದು ಕೂತ್ಕೋ. ಅದಕ್ಕೆ ಬೇಕು ಅನ್ನಿಸಿದಾಗ ಅದೇ ಬರುತ್ತೆ."

"ನಾಯಿಮಾಮ, ನೀವೂ ಗುರ್ ಅಂತೀರಾ?"

"ಚಹಾ ತಣ್ಣಗಾದ್ರೆ."

ಅಡುಗೆಮನೆಯಲ್ಲಿ ಟೀಚರ್ ನಕ್ಕಳು. ತನ್ನ ನಗು ತನಗೇ ಕೇಳಿಸಿ ಬೆಚ್ಚಿದಳು... ಇದ್ಯಾವಾಗಿಂದ?

ಆದರೆ ಒಂದು ಸಂಗತಿಯನ್ನು ಅವಳು ಅವನಿಗೆ ಹೇಳಲೇ ಇಲ್ಲ. ಪುಟಾಣಿಗಳ ತರಗತಿಯನ್ನು ತುಟಿಯ ಮೇಲೊಂದು ಬೆರಳಿಟ್ಟು ಸುಮ್ಮನಾಗಿಸುವುದರಲ್ಲಿ ಅವಳದು ಎತ್ತಿದ ಕೈ. ಮಗ ಗುಂಡ ಹತ್ತಿರ ಹೋದಾಗ ಕಂಬಳಿ ಗುರ್ ಎಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. "ಶ್!" ಎಂದು ಬೆರಳೆತ್ತುತ್ತಿದ್ದಳು. ಕೆಲವೇ ವಾರಗಳಲ್ಲಿ ಕಂಬಳಿ ಗುರ್ ಎನ್ನುವುದನ್ನೇ ಬಿಟ್ಟಿತು. ನಾಯಿ ಪಳಗಿತು ಎಂದು ಅವಳು ನಿರಾಳವಾದಳು.

ಒಂದು ಸಂಜೆ ಅವಳು ಒಲೆಯ ಮುಂದಿದ್ದಾಗ ಗುಂಡ ಕಿರುಚಿಕೊಂಡ. ಕೆನ್ನೆಯ ಮೇಲೆ ಹಲ್ಲಿನ ಗುರುತು, ರಕ್ತ. ವೈದ್ಯರು ಗಾಯ ತೊಳೆದು ಚುಚ್ಚುಮದ್ದು ಕೊಟ್ಟರು. ಆಳವಿರಲಿಲ್ಲ. ಕಣ್ಣು ಸ್ವಲ್ಪದರಲ್ಲಿ ಉಳಿದಿತ್ತು.

ಮರುದಿನ ಅವಳು ಕಂಬಳಿಯನ್ನು ಆಶ್ರಯಕ್ಕೆ ಎಳೆದೊಯ್ದಳು. ಗೇಟಿನಲ್ಲಿದ್ದ ಕೆಲಸದಾಕೆ, "ಅಯ್ಯೋ, ಇದು ಮತ್ತೆ ವಾಪಸ್ ಬಂತಾ?" ಎಂದಳು.

ಮತ್ತೆ!

"ಮುಂಚೆನೂ ಯಾರೋ ಇದನ್ನ ವಾಪಸ್ ತಂದುಬಿಟ್ಟಿದ್ರಾ?" ಟೀಚರ್ ಅವನನ್ನು ಕೇಳಿದಳು.

"ಹೌದು."

"ಗೊತ್ತಿದ್ದೂ ನನ್ನ ಮಕ್ಕಳ ಮಧ್ಯೆ ಬಿಟ್ರಿ."

ಅವನು ಹಗ್ಗ ಕೈಗೆ ತೆಗೆದುಕೊಂಡು, "ಗುಂಡ ಹೇಗಿದ್ದಾನೆ?" ಎಂದ.

ಅವಳು ತಿರುಗಿ ನಡೆದುಬಿಟ್ಟಳು.

ಭಾನುವಾರ ಬಂತು. ಅವನ ಚಹಾ ಲೋಟ ಕಪಾಟಿನಲ್ಲೇ ಉಳಿಯಿತು. ಪುಟ್ಟಿ ಹೊಸಲ ಮೇಲೆ ಕೂತಿದ್ದಳು.

"ತಪ್ಪು ಕಂಬಳಿದಲ್ಲಮ್ಮ. ಗುಂಡ ಅದರ ಮಡಚಿದ ಕಿವಿ ಹಿಂಡ್ತಿದ್ದ. ಅದು ಮುಖ ತಿರುಗಿಸ್ತು, ಎದ್ದು ಹೋಯ್ತು. ಇವನು ಮೂಲೆವರೆಗೂ ಅದರ ಹಿಂದೆ ಹೋದ."

"ಗುರ್ ಅನ್ನಲಿಲ್ವಾ?"

"ನೀನೇ ಶ್ ಅಂದು ಬಿಡಿಸಿದ್ಯಲ್ಲ." ಪುಟ್ಟಿ ನೆಲ ನೋಡುತ್ತ ಹೇಳಿದಳು, "ಅಪ್ಪ ಹೋದಾಗ ನಾನು ಅತ್ತರೂ ನೀನು ಹಾಗೇ ಅಂದೆ. ನಾನೂ ಬಿಟ್ಟೆ."

ಟೀಚರ್ ಅವಳ ಪಕ್ಕದಲ್ಲೇ ಕೂತಳು. ಮಗಳನ್ನು ಬಾಚಿ ತಬ್ಬಿಕೊಂಡಳು. ಪುಟ್ಟಿ ಅತ್ತಳು, ಜೋರಾಗಿ. ಯಾರೂ ಬೆರಳೆತ್ತಲಿಲ್ಲ.

ಮಕ್ಕಳನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ ಅವಳು ಆಶ್ರಯಕ್ಕೆ ಹೋದಳು. ಅವನು ಬೆಂಚಿನ ಮೇಲೆ ಕೂತು ಕಂಬಳಿಯ ಕಿವಿಗೆ ಔಷಧಿ ಹಾಕುತ್ತಿದ್ದ.

"ಒಳಗೆ ಕೀವು ಕಟ್ಟಿದೆ. ನಾನೇ ನೋಡಬೇಕಿತ್ತು," ಎಂದ. "ಮಗುವನ್ನ ಕಚ್ಚಿದ ನಾಯಿಗೆ ಇನ್ನು ಬೇರೆ ಮನೆ ಸಿಗಲ್ಲ."

"ಗುರ್ ಅನ್ನೋದನ್ನ ನಾನೇ ಬಿಡಿಸಿದೆ. ನಿಮಗೆ ಹೇಳಲಿಲ್ಲ."

ಅವನ ಕೈ ನಿಂತಿತು. "ಮೊದಲನೇ ಮನೆಯವರು ಗುರ್ ಅಂತು ಅಂತಲೇ ವಾಪಸ್ ತಂದಿದ್ರು. ಅಷ್ಟಕ್ಕೇ. ಹೇಳಿದ್ರೆ ನೀವೂ ಎದ್ದು ಹೋಗ್ತೀರಿ ಅಂತ ಮುಚ್ಚಿಟ್ಟೆ. ಹೇಳಲೇಬೇಕಿತ್ತು. ಗುಂಡನ ಕೆನ್ನೆಯ ಗಾಯದಲ್ಲಿ ನನ್ನ ಪಾಲೂ ಇದೆ."

"ಇದನ್ನ ಕರ್ಕೊಂಡು ಹೋಗ್ತೀನಿ. ಕಿವಿ ವಾಸಿಯಾದ ಮೇಲೆ. ಮನೆ ಮಧ್ಯೆ ಒಂದು ಮರದ ಗೇಟು ಹಾಕಿಸ್ತೀನಿ. ನಾನಿಲ್ಲದಾಗ ಗುಂಡ ಆಚೆ, ಇದು ಈಚೆ."

"ನಾನೇ ಬಂದು ಹಾಕ್ತೀನಿ." ಔಷಧಿ ಬಾಟಲಿ ಮುಚ್ಚುತ್ತ ಹೇಳಿದ, "ಇನ್ನೊಂದೂ ಮುಚ್ಚಿಟ್ಟಿದ್ದೀನಿ..."

ಅವಳ ಬೆರಳು ಅಭ್ಯಾಸಬಲದಿಂದ ತುಟಿಗೆ ಹೋಯಿತು. ತಾನೇ ಅದನ್ನು ನೋಡಿ, ಮೆಲ್ಲಗೆ ಕೆಳಗಿಳಿಸಿದಳು.

"ಹೇಳಿ."

"ಭಾನುವಾರ ನಾನು ಬರ್ತಿದ್ದಿದ್ದು ಕಂಬಳಿಗೋಸ್ಕರ ಮಾತ್ರ ಅಲ್ಲ."

ಕಂಬಳಿ ಇಬ್ಬರ ನಡುವೆ ಮಲಗಿತ್ತು. ಅವಳೂ ಬೆಂಚಿನ ಮೇಲೆ ಕೂತು ಅದರ ತಲೆ ಸವರಿದಳು.

"ನಂಗೆ ಭಯ," ಎಂದಳು. "ಮತ್ತೆ ಒಬ್ಬರನ್ನ ಹಚ್ಚಿಕೊಂಡು, ಮತ್ತೆ ಕಳ್ಕೊಳ್ಳೋ ಭಯ. ಯಾರ ಹತ್ರಾನೂ ಹೇಳಿಲ್ಲ ಇದನ್ನ."

"ಈಗ ಹೇಳಿದ್ರಲ್ಲ." ಅವನು ಎದ್ದು, ಬೆಂಚಿನ ಆ ತುದಿಗೆ ಸರಿದು ಕೂತ. "ನಾನು ದೂರ ಕೂತ್ಕೋತೀನಿ."

ಅವಳು ಕಣ್ಣೊರೆಸಿಕೊಂಡಳು.

"ಅಷ್ಟು ದೂರ ಬೇಡ," ಎಂದು, ತಾನೇ ಹತ್ತಿರ ಸರಿದಳು.